ನಾಮಿನಿ ಯಾರು ಎಂದು ಕೇಳುತ್ತಿದ್ದ ಅಪ್ಪಯ್ಯ

ಅಪ್ಪಯ್ಯ ತೀರಿಕೊಂಡ ಮೇಲೆ ನೆಂಟರಲ್ಲೂ ಶಾಲೆಯ ಸಹೋದ್ಯೋಗಿಗಳಲ್ಲೂ ಹಲವರು ನನ್ನನ್ನು ಬದಿಗೆ ಕರೆದು ಒಂದೇ ವಿಷಯ ವಿಚಾರಿಸಿದರು. ‘ಐಸಿಯು ಬೇಡ ಅಂತ ನಿಮ್ಮ ತಂದೆ ಮೊದಲೇ ಬರೆದಿಟ್ಟಿದ್ದರಂತಲ್ಲ, ಅದನ್ನು ಹೇಗೆ ಮಾಡಿಸುವುದು? ಕಾನೂನು ಒಪ್ಪುತ್ತದಾ?’ ಒಬ್ಬೊಬ್ಬರಿಗೂ ತುಂಡುತುಂಡಾಗಿ ಹೇಳುವ ಬದಲು ನಡೆದದ್ದನ್ನು ಪೂರ್ತಿ ಬರೆಯೋಣ ಅಂತ ಕೂತಿದ್ದೇನೆ. ಆದರೆ ಇದನ್ನು ಕಾಗದಪತ್ರದಿಂದ ಶುರು ಮಾಡಿದರೆ ಅಪ್ಪಯ್ಯ ಯಾಕೆ ಹಾಗೆ ಬರೆದರು ಎಂಬುದು ತಿಳಿಯುವುದಿಲ್ಲ. ಅವರ ಕೆಲಸದಿಂದಲೇ ಶುರು ಮಾಡಬೇಕು.

ಅವರು ಬ್ರಹ್ಮಾವರ, ಬಾರ್ಕೂರು, ಹಂಗಾರಕಟ್ಟೆ ಸುತ್ತ ಪಿಗ್ಮಿ ಸಂಗ್ರಹಿಸುತ್ತಿದ್ದವರು. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಜನರ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಉಳಿತಾಯ ಕೂಡಿಸುವ ಈ ಕ್ರಮ ತಂದಿತು. ಅಪ್ಪಯ್ಯನ ಕಾಲಕ್ಕೆ ಎರಡಾಣೆ ಹೋಗಿ ಐದು, ಹತ್ತು, ಇಪ್ಪತ್ತು ರೂಪಾಯಿ ಆಗಿತ್ತು. ಮೀನು ಮಾರುವ ಹೆಂಗಸರು, ಕ್ಯಾಂಟೀನಿನವರು, ಟೈಲರುಗಳು, ಹೆಂಚಿನ ಕಾರ್ಖಾನೆಯ ಕೆಲಸದವರು ಅವರ ಖಾತೆದಾರರು. ಬೆಳಿಗ್ಗೆ ಹೊರಟವರು ಕತ್ತಲಾದ ಮೇಲೆ ಬಂದು, ಕಾಲು ತೊಳೆದು, ಚಾವಡಿಯ ಡೆಸ್ಕಿನ ಮುಂದೆ ಕೂತರೆ ಲೆಕ್ಕ ತಾಳೆಯಾಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಎಂಟಾಣೆ ಹೆಚ್ಚುಕಡಿಮೆ ಬಂದರೂ ಮರುದಿನ ಆ ಮನೆಗೆ ಹೋಗಿ ಸರಿಮಾಡಿಯೇ ಮುಂದಿನ ಮನೆ. ಹೀಗಿರಿ, ಹಾಗಿರಿ ಎಂದು ಅವರು ನಮಗೆ ಉಪದೇಶ ಮಾಡಿದ ನೆನಪಿಲ್ಲ. ಡೆಸ್ಕಿನ ಮೇಲೆ ಬಾಗಿದ ಆ ಬೆನ್ನು ನೋಡಿಕೊಂಡೇ ನಾನೂ ಅಣ್ಣನೂ ದೊಡ್ಡವರಾದೆವು.

ಪಿಗ್ಮಿಯವರಿಗೆ ಊರಿನ ಸಾವುಗಳೆಲ್ಲ ಗೊತ್ತಾಗುತ್ತವೆ. ಖಾತೆದಾರ ಹೋಗಿಬಿಟ್ಟರೆ ಆ ಮನೆಗೆ ಲೆಕ್ಕ ಮುಟ್ಟಿಸುವುದು ಅಪ್ಪಯ್ಯನ ಪಾಲಿಗೇ ಬರುತ್ತಿತ್ತು. ಗಂಡ ಹಣ ಕಟ್ಟುತ್ತಿದ್ದ ಸಂಗತಿಯೇ ತಿಳಿಯದ ಹೆಂಡತಿಯರನ್ನು ಕಂಡಿದ್ದರು. ಮೂರು ಸಾವಿರ ರೂಪಾಯಿಗೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕಂಡಿದ್ದರು. ಅದಕ್ಕೇ ಹೊಸ ಖಾತೆ ಬರೆಯುವಾಗ ನಾಮಿನಿಯ ಸಾಲನ್ನು ಖಾಲಿ ಬಿಡಲು ಅವರು ಒಪ್ಪುತ್ತಿರಲಿಲ್ಲ. ‘ನಾಮಿನಿಗೆ ಯಾರ ಹೆಸ್ರ್ ಬರಿಲಿ?’ ಎಂದು ಕೇಳಿ, ಪೆನ್ನು ಹಿಡಿದುಕೊಂಡು ಕಾಯುತ್ತಿದ್ದರು. ‘ಈಗ್ಲೇ ಸಾವಿನ ಸುದ್ದಿ ಎಂತಕ್ಕೆ ಮಾರಾಯ್ರೆ’ ಎಂದು ಜನ ಮುಖ ಸಿಂಡರಿಸಿದರೆ, ‘ಬರ್ದಿಟ್ರೆ ಯಾರೂ ಸಾಯೂದಿಲ್ಲ. ಬರೀದೆ ಹೋದ್ರೆ ಉಳ್ದವ್ರ್ ಸಾಯ್ತ್ರ್’ ಅನ್ನುತ್ತಿದ್ದರು. ರಜೆಯಲ್ಲಿ ಅವರ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದ ನನಗೆ ಸಾವು ಎಂಬುದು ಕೂತು ಮಾತಾಡಬಹುದಾದ ವಿಷಯ ಎಂದು ಗೊತ್ತಾದದ್ದು ಹೀಗೆ.

ಇಷ್ಟು ಮುಂದಾಲೋಚನೆಯ ಮನುಷ್ಯನಿಗೂ ಸ್ವಂತ ಮನೆಯಲ್ಲಿ ಹಾಗೆ ಕೂತು ಮಾತಾಡುವ ಅವಕಾಶ ಸಿಗಲಿಲ್ಲ. ಅಜ್ಜಯ್ಯನಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಒಂದೇ ರಾತ್ರಿಯಲ್ಲಿ ಪ್ರಜ್ಞೆ ಹೋಯಿತು. ಆಸ್ಪತ್ರೆಗೆ ಒಯ್ದೆವು, ವೆಂಟಿಲೇಟರ್ ಹಾಕಿದರು. ಮುಂದಿನ ಒಂದೊಂದು ಹೆಜ್ಜೆಗೂ ಒಂದೊಂದು ಫಾರ್ಮು, ಒಂದೊಂದಕ್ಕೂ ಅಪ್ಪಯ್ಯನ ಸಹಿ. ಬಾಂಬೆಯಿಂದ ಚಿಕ್ಕಪ್ಪ ಫೋನಿನಲ್ಲಿ, ‘ಎಂತ ಬೇಕಾರೂ ಮಾಡ್ಸಿ, ಹಣ ನಾನ್ ಕಳ್ಸ್ತೆ’ ಎನ್ನುತ್ತಿದ್ದರು. ಅತ್ತೆ ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಮನೆಗೆ ಕರೆದುಕೊಂಡು ಹೋಗೋಣ ಎಂದು ಅಳುತ್ತಿದ್ದರು. ಕೊಳವೆ ಕಿತ್ತುಕೊಳ್ಳದಿರಲಿ ಎಂದು ಅಜ್ಜಯ್ಯನ ಎರಡೂ ಮಣಿಕಟ್ಟುಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದರು. ಗದ್ದೆ ಉಳುತ್ತಿದ್ದ ಕೈಗಳು ಅವು. ಗಾಜಿನಾಚೆ ನಿಂತು ಅಪ್ಪಯ್ಯ ನೋಡುತ್ತಿದ್ದುದು ಮುಖವನ್ನಲ್ಲ, ಆ ಕೈಗಳನ್ನು. ಗಂಟಲಿನಲ್ಲಿ ರಂಧ್ರ ಮಾಡುವುದಕ್ಕೂ ಸಹಿ ಹಾಕಿದರು. ಅಜ್ಜಯ್ಯ ಕಣ್ಣು ಬಿಡಲೇ ಇಲ್ಲ. ಅವರು ಹೋದ ಮೇಲೆ ‘ಇನ್ನೂ ಸ್ವಲ್ಪ ದಿನ ನೋಡಬೇಕಿತ್ತು’ ಎಂದು ಒಬ್ಬರು, ‘ಅಷ್ಟು ಹಿಂಸೆ ಕೊಡಬಾರದಿತ್ತು’ ಎಂದು ಇನ್ನೊಬ್ಬರು. ಎರಡನ್ನೂ ಕೇಳಿಸಿಕೊಳ್ಳಬೇಕಾದವರು ಒಬ್ಬರೇ. ಅಜ್ಜಯ್ಯನಿಗೆ ಏನು ಬೇಕಿತ್ತು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರಿಗೆ ಮಾತಾಡಲು ಆಗುತ್ತಿರಲಿಲ್ಲ.

ಆ ಮೇಲಿಂದ ಅಪ್ಪಯ್ಯ ಈ ವಿಷಯದ ಸುದ್ದಿಗಳನ್ನು ಪತ್ರಿಕೆಯಿಂದ ಕತ್ತರಿಸಿ ಇಡತೊಡಗಿದರು. ಅರುಣಾ ಶಾನಭಾಗ್ ಪ್ರಕರಣದ ತುಣುಕುಗಳು ಅದರಲ್ಲಿ ಮೇಲೆಯೇ ಇದ್ದವು. ಅವರು ನಮ್ಮ ಕರಾವಳಿಯ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರಲ್ಲಿ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಉಳಿದರು. ಅವರ ಮೊಕದ್ದಮೆಯಲ್ಲೇ 2011ರಲ್ಲಿ ಸುಪ್ರೀಂ ಕೋರ್ಟು, ಗುಣವಾಗುವ ದಾರಿಯೇ ಇಲ್ಲದ ರೋಗಿಯ ಜೀವಾಧಾರಕ ಚಿಕಿತ್ಸೆಯನ್ನು ಕಟ್ಟುನಿಟ್ಟಿನ ನಿಯಮದೊಳಗೆ ನಿಲ್ಲಿಸಬಹುದು ಎಂದು ಮೊದಲಿಗೆ ಒಪ್ಪಿದ್ದು. ಆದರೆ ಅರುಣಾ ಅವರ ವಿಷಯದಲ್ಲಿ ಅನುಮತಿ ಕೊಡಲಿಲ್ಲ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವುದಕ್ಕೆ, ದಾರಿ ಮಾಡಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಸಾಮಾನ್ಯರಿಗೆ ಆಗುಹೋಗುವ ಕೆಲಸವಲ್ಲ. 2023ರ ಜನವರಿ 24ರಂದು ಕೋರ್ಟೇ ಅದನ್ನು ಸರಳ ಮಾಡಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು ಎಂದಿತು. ಆ ಸುದ್ದಿ ಓದಿದ ಮೇಲೆ ಅಪ್ಪಯ್ಯ ತಡ ಮಾಡಲಿಲ್ಲ. ‘ಅಪ್ಪಯ್ಯಂಗೆ ಪೈಪ್ ಹಾಕ್ಸಿ ಮಲ್ಗಿಸಿದ್ದ್ ನಾನ್ ಮಗಾ. ನನ್ ಮಕ್ಳಿಗೆ ಆ ಕೆಲ್ಸ ಬಪ್ಪುಕಾಗ’ ಎಂದರು. ಆಗ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಕಾಗದದಲ್ಲಿ ಬರೆಯಬೇಕಾದದ್ದು ಬಹಳವಿಲ್ಲ. ತನಗೆ ಸ್ವಂತವಾಗಿ ತೀರ್ಮಾನಿಸುವ ಶಕ್ತಿ ಹೋದಾಗ, ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದು ಸ್ಪಷ್ಟವಾಗಿರಬೇಕು. ಅಪ್ಪಯ್ಯ ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ನಡೆಸುವುದು, ಮೂಗಿನ ನಳಿಕೆಯಲ್ಲಿ ಆಹಾರ ಬೇಡವೆಂದರು. ನೋವು ತೆಗೆಯುವುದಕ್ಕೆ ಏನು ಬೇಕಾದರೂ ಮಾಡಬಹುದು ಎಂದು ಬೇರೆ ಸಾಲಿನಲ್ಲಿ ಬರೆಸಿದರು. ತನ್ನ ಪರವಾಗಿ ಮಾತಾಡುವವರು ಯಾರು ಎಂಬ ಜಾಗಕ್ಕೆ ಬಂದಾಗ ಪೆನ್ನು ಕೆಳಗಿಟ್ಟು, ಅಣ್ಣನಿಗೆ ದುಬೈಗೆ ಫೋನು ಹಚ್ಚಿದರು. ಪಿಗ್ಮಿಯ ನಾಮಿನಿಗೆ ಹಣ ಸಿಗುತ್ತದೆ, ಈ ನಾಮಿನಿಗೆ ಭಾರ ಸಿಗುತ್ತದೆ, ಕೇಳದೆ ಹೆಸರು ಹಾಕಬಾರದು ಎಂಬುದು ಅವರ ಲೆಕ್ಕ. ಅಣ್ಣ ಮೊದಲು ಸಿಟ್ಟಾದ. ‘ಗಟ್ಟಿಮುಟ್ಟಾಗಿ ಇದ್ದವರಿಗೆ ಇದೆಲ್ಲ ಎಂತಕ್ಕೆ’ ಎಂದು ಫೋನು ಇಟ್ಟ. ಮರುದಿನ ತಾನೇ ಫೋನು ಮಾಡಿ, ಹೆಸರು ಹಾಕಿ ಎಂದ. ನಮ್ಮಿಬ್ಬರ ಹೆಸರೂ ಸೇರಿತು. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಕೊಡಲು 2023ರ ಆದೇಶದಲ್ಲಿ ಅವಕಾಶವಿದೆ. ಮಕ್ಕಳು ದೂರದೂರ ಇರುವ ನಮ್ಮ ಕಡೆಯ ಮನೆಗಳಿಗೆ ಇದು ತುಂಬ ಮುಖ್ಯ ಅಂತ ನನಗನಿಸುತ್ತದೆ.

ಸಾಕ್ಷಿಗಳಾಗಿ ನೆರೆಮನೆಯ ನಿವೃತ್ತ ಮೇಷ್ಟ್ರು ಮತ್ತು ಅಪ್ಪಯ್ಯನ ಹಳೆಯ ಖಾತೆದಾರರೊಬ್ಬರು ಬಂದರು. ಉಡುಪಿಯಲ್ಲಿ ನೋಟರಿ ವಕೀಲರು ಕಾಗದವನ್ನು ಕೊನೆಯವರೆಗೆ ಓದಿ, ಯಾರ ಒತ್ತಾಯವೂ ಇಲ್ಲವಷ್ಟೇ ಎಂದು ಕೇಳಿ, ಮೊಹರು ಹಾಕಿದರು. ಒಂದು ಪ್ರತಿ ನಮ್ಮ ಡಾಕ್ಟರಿಗೆ. ಇನ್ನೊಂದನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು. ಅಲ್ಲಿನ ಕಚೇರಿಯಲ್ಲಿ ಅದನ್ನು ಯಾವ ಫೈಲಿಗೆ ಹಾಕುವುದೆಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪಯ್ಯ ಆದೇಶದ ಪ್ರತಿ ಮುಂದಿಟ್ಟು, ಸ್ವೀಕೃತಿಯ ಸೀಲು ಬೀಳುವವರೆಗೆ ಕೂತೇ ಇದ್ದರು. 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದಾಗ ಅದರ ಸುದ್ದಿಯನ್ನೂ ಕತ್ತರಿಸಿ, ಈ ಕಾಗದ ಇಟ್ಟಿದ್ದ ಲಕೋಟೆಯಲ್ಲೇ ಇಟ್ಟರು. ಹಾಗಂತ ಕಾಗದ ತೋರಿಸಿದ ಕೂಡಲೇ ಯಂತ್ರ ಬಂದ್ ಮಾಡುತ್ತಾರೆ ಎಂದು ಯಾರೂ ಹೆದರಬೇಕಾಗಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಇಬ್ಬರು ತಜ್ಞರೂ ಇರುವ ಒಂದು ಮಂಡಳಿ, ಅದರ ಮೇಲೆ ಬೇರೆ ಮೂವರ ಇನ್ನೊಂದು ಮಂಡಳಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಬರೆದವರಿಗೆ ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳಬಹುದು.

ಅದೇ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅವರ ಕಣ್ಣು ಹಳದಿಯಾಯಿತು, ಮೈಯೆಲ್ಲ ತುರಿಕೆ. ನಾವು ಬರೀ ಕಾಮಾಲೆ ಅಂದುಕೊಂಡೆವು. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಯಕೃತ್ತಿಗೂ ಹರಡಿತ್ತು. ಹೊಟ್ಟೆಯ ಹಿಂದೆ ಅಡಗಿರುವ ಗ್ರಂಥಿ ಅದು, ಹೆಚ್ಚಿನವರಲ್ಲಿ ತಡವಾಗಿಯೇ ಗೊತ್ತಾಗುತ್ತದೆ ಎಂದರು. ಪಿತ್ತನಾಳ ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ ಮೇಲೆ ಹಳದಿ ಇಳಿಯಿತು, ತುರಿಕೆ ನಿಂತಿತು. ಕೀಮೋ ಕೊಟ್ಟರೆ ಏನು ಪ್ರಯೋಜನ, ಏನು ಕಷ್ಟ ಎಂದು ಅಪ್ಪಯ್ಯ ಡಾಕ್ಟರ ಹತ್ತಿರ ಬಿಡಿಸಿ ಬಿಡಿಸಿ ಕೇಳಿದರು. ಕೇಳಿ, ಬೇಡವೆಂದರು. ಅವರಿಗೆ ಕೊನೆಯ ಹಂತದ ವಿಷಯ ಮುಚ್ಚಿಡೋಣ ಎಂದು ಅತ್ತೆ ನನಗೆ ಕಣ್ಸನ್ನೆ ಮಾಡಿದ್ದರು. ರೋಗಿಯಿಂದ ರೋಗ ಮುಚ್ಚಿಡುವುದು ನಮ್ಮಲ್ಲಿ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಮುಚ್ಚಿಟ್ಟ ಮನೆಯಲ್ಲಿ ರೋಗಿ ಒಬ್ಬನೇ ಆಗಿಬಿಡುತ್ತಾನೆ. ನಮ್ಮಲ್ಲಿ ಹಾಗಾಗಲಿಲ್ಲ.

ಆ ಮೇಲಿನ ಆರೈಕೆಯೆಲ್ಲ ಮನೆಯಲ್ಲೇ. ಗುಣವಾಗದ ಕಾಯಿಲೆಯವರ ನೋವು, ಸಂಕಟ ಇಳಿಸುವ ಪ್ಯಾಲಿಯೇಟಿವ್ ವಿಭಾಗದ ನರ್ಸ್ ಆಗಾಗ ಬಂದು ನಮಗೆ ಕಲಿಸಿಕೊಟ್ಟು ಹೋಗುತ್ತಿದ್ದರು. ಈ ಕಾಯಿಲೆಯ ನೋವು ಹೊಟ್ಟೆಯಿಂದ ಬೆನ್ನಿಗೆ ಹೊಡೆಯುತ್ತದೆ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ. ಅಪ್ಪಯ್ಯ ರಾತ್ರಿಯೆಲ್ಲ ಆ ಹಳೆಯ ಡೆಸ್ಕಿನ ಮೇಲೆ ದಿಂಬು ಇಟ್ಟು ಅದರ ಮೇಲೆ ಎದೆ ಆನಿಸಿ ಕೂರುತ್ತಿದ್ದರು. ಮಾರ್ಫಿನ್ ಶುರುವಾದ ಮೇಲೆಯೇ ಅವರು ಬೆನ್ನಡಿಯಾಗಿ ಮಲಗಿದ್ದು. ‘ಮಾರ್ಫಿನ್ ಅಂದ್ರೆ ಅಮಲಿನ ಮಾತ್ರೆ ಅಲ್ದಾ’ ಎಂದು ನೆಂಟರಿಗೆ ದಿಗಿಲು. ನೋವಿಗೆ ಅಳೆದು ಕೊಡುವ ಮದ್ದಿನಿಂದ ಚಟಕ್ಕೆ ಬೀಳುವುದು ಸಾಮಾನ್ಯವಲ್ಲ, ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ ನಾಲ್ಕು ಗಂಟೆಗೊಮ್ಮೆ ಕೊಡಬೇಕು, ಮಲಬದ್ಧತೆ ಖಂಡಿತ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮದ್ದು ಬೇಕು: ನರ್ಸ್ ಹೇಳಿದ್ದಿಷ್ಟು, ಹೇಳಿದ ಹಾಗೇ ಆಯಿತು. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದಾಗಿ ಎಷ್ಟೋ ವರ್ಷ ಈ ಮಾತ್ರೆ ನೋವಿನವರ ಕೈಗೇ ಸಿಗುತ್ತಿರಲಿಲ್ಲ. 2014ರ ತಿದ್ದುಪಡಿಯ ನಂತರ ಪರವಾನಗಿ ಸುಲಭವಾಯಿತು. ಹಾಗಿದ್ದೂ ನಮ್ಮ ದೇಶದಲ್ಲಿ ನೋವು ತಿನ್ನುತ್ತಲೇ ಸಾಯುವವರು ಬಹಳ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಪ್ಪಯ್ಯ ಮಾತ್ರೆಗೊಂದು ಪುಸ್ತಕ ಮಾಡಿದರು: ಹೊತ್ತು, ಎಷ್ಟು ಮಿಲಿಗ್ರಾಂ, ಉಳಿಕೆ ಎಷ್ಟು. ಕೈ ನಡುಗಿ ಅಂಕೆಗಳು ಸಾಲು ಬಿಟ್ಟು ಹೋಗತೊಡಗಿದಾಗ ಪುಸ್ತಕವನ್ನು ನನಗೆ ಕೊಟ್ಟರು.

ಮಳೆಗಾಲ ಹಿಡಿಯುವಾಗ ಊಟ ಬಿಟ್ಟರು. ನೋಡಲು ಬಂದವರೆಲ್ಲ ‘ಒಂದ್ ಗ್ಲೂಕೋಸಾರೂ ಹಾಕ್ಸಿ’ ಎನ್ನತೊಡಗಿದರು. ಉಣ್ಣದೆ ಇದ್ದದ್ದರಿಂದ ಸಾಯುತ್ತಿದ್ದಾರೆ ಎಂದು ಅವರ ಭಾವನೆ. ಸಾವು ಹತ್ತಿರವಾದ ದೇಹ ತಾನಾಗಿ ಹಸಿವನ್ನು ಬಿಡುತ್ತದೆ, ಆಗ ನರಕ್ಕೆ ನೀರು ಏರಿಸಿದರೆ ಕಾಲು ಊದಿ, ಶ್ವಾಸಕೋಶದಲ್ಲಿ ನೀರು ತುಂಬಿ ಹಿಂಸೆಯೇ ಹೆಚ್ಚಾಗಬಹುದು ಎಂದು ನರ್ಸ್ ಅಮ್ಮನ ಪಕ್ಕ ಕೂತು ವಿವರಿಸಿದರು. ಬಾಯಿ ಒಣಗದ ಹಾಗೆ ನೋಡಿಕೊಳ್ಳುವುದೇ ಈಗಿನ ಊಟ ಎಂದರು. ಅಮ್ಮ ಅದನ್ನು ಕೈಗೆ ತೆಗೆದುಕೊಂಡರು. ತೆಳು ಬಟ್ಟೆಯನ್ನು ಎಳನೀರಿನಲ್ಲಿ ಅದ್ದಿ, ಹಿಂಡಿ, ಒಸಡು, ನಾಲಿಗೆ, ಕೆನ್ನೆಯ ಒಳಗು ಮೆಲ್ಲಗೆ ಒರೆಸಿ, ತುಟಿಗೆ ತೆಂಗಿನೆಣ್ಣೆ ಸವರುತ್ತಿದ್ದರು. ಐವತ್ತು ವರ್ಷ ಬಡಿಸಿದ ಹೆಂಗಸಿಗೆ ಬಡಿಸದೆ ಇರುವುದು ಎಷ್ಟು ಕಷ್ಟವಾಗಿರಬೇಕು. ಬಟ್ಟೆ ಸಿಕ್ಕ ಮೇಲೆ ಅವರ ಅಳು ಕಡಿಮೆಯಾಯಿತು.

ಒಂದು ರಾತ್ರಿ ಉಸಿರು ಸಿಗದೆ ಎದ್ದು ಕೂತರು. ಹೊರಗೆ ಆಸಾಡಿಯ ಮಳೆ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ನೆರೆಯವರು ಓಡಿ ಬಂದು 108ಕ್ಕೆ ಫೋನ್ ಮಾಡಲು ಮೊಬೈಲು ತೆಗೆದರು. ದುಬೈಯಿಂದ ಅಣ್ಣ ವೀಡಿಯೊ ಕರೆಯಲ್ಲಿ ‘ಎತ್ಕಂಡ್ ಹೋಯ್ನಿ, ಐಸಿಯುಗೆ ಹಾಕಿ’ ಎಂದು ಕೂಗುತ್ತಿದ್ದ. ನಾನು ಲಕೋಟೆ ತೆಗೆಯಲಿಲ್ಲ, ಅದರ ಅಗತ್ಯ ಬೀಳಲಿಲ್ಲ. ಪ್ರಜ್ಞೆ ಇರುವ ಮನುಷ್ಯ ತನಗೆ ಯಾವ ಚಿಕಿತ್ಸೆ ಬೇಡ ಎಂದು ಬಾಯಲ್ಲೇ ಹೇಳಬಹುದು. ಫೋನನ್ನು ಅಪ್ಪಯ್ಯನ ಮುಖದ ಎದುರು ಹಿಡಿದೆ. ಅವರು ತಲೆಯಾಡಿಸಿ, ಕೈಯೆತ್ತಿ ಬೇಡವೆಂದರು. ಅಣ್ಣ ಸುಮ್ಮನಾದ. ನರ್ಸಿಗೆ ಫೋನು ಮಾಡಿದಾಗ, ದಿಂಬು ಕೊಟ್ಟು ಕೂರಿಸಿ, ಕಿಟಕಿ ತೆರೆಯಿರಿ, ಮುಖಕ್ಕೆ ನೇರ ಗಾಳಿ ಹಾಕಿ, ಹೇಳಿಟ್ಟ ಹೆಚ್ಚುವರಿ ಮಾರ್ಫಿನ್ ಕೊಡಿ ಎಂದರು. ಕರೆಂಟಿಲ್ಲದಾಗ ಮೇಷ್ಟ್ರು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಬೀಸಿದರು. ಮುಖಕ್ಕೆ ತಾಗುವ ಗಾಳಿಗೆ ಉಸಿರಾಟದ ಕಳವಳ ಇಳಿಸುವ ಶಕ್ತಿ ಇದೆ ಎಂದು ಆ ರಾತ್ರಿ ಕಣ್ಣಾರೆ ಕಂಡೆ. ಬೆಳಗಾಗುವಷ್ಟರಲ್ಲಿ ಅವರಿಗೆ ಜೋಂಪು ಹತ್ತಿತು. ಅಣ್ಣ ಸಿಕ್ಕ ಮೊದಲ ವಿಮಾನದಲ್ಲಿ ಮಂಗಳೂರಿಗೆ ಬಂದಿಳಿದ.

ಅಣ್ಣ ಬಂದ ಮೇಲೆ ಅಪ್ಪಯ್ಯ ಹೆಚ್ಚು ಮಾತಾಡಲಿಲ್ಲ. ಆದರೆ ಬಾರ್ಕೂರಿನ ಒಬ್ಬ ಮೀನಿನ ಹೆಂಗಸಿನ ಮಗಳ ಮದುವೆಗೆ ತಾನು ಕೈಯಿಂದ ಹಾಕಿದ ಹಣದ ಸಂಗತಿ ಅವನಿಗೆ ಹೇಳಿ, ಅದನ್ನು ಕೇಳಬಾರದು, ಅದು ಮುಗಿದ ಲೆಕ್ಕ ಎಂದರು. ಆಮೇಲೆ ನಿದ್ರೆ ಹೆಚ್ಚಾಯಿತು. ಪಾದ ತಣ್ಣಗಾಯಿತು. ಉಸಿರು ಸ್ವಲ್ಪ ಹೊತ್ತು ಜೋರಾಗಿ ನಡೆದು, ನಿಂತು, ಮತ್ತೆ ಶುರುವಾಗುತ್ತಿತ್ತು. ಗಂಟಲಿನ ಗೊರಗೊರ ಸದ್ದು ಕೇಳಲು ನಮಗೆ ಕಷ್ಟ, ಅವರಿಗೆ ಅದರ ಅರಿವಿರಲಾರದು, ಮಗ್ಗುಲು ತಿರುಗಿಸಿದರೆ ಕಡಿಮೆಯಾಗುತ್ತದೆ ಎಂದು ನರ್ಸ್ ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ. ಕಿವಿ ಕೊನೆಯವರೆಗೂ ಕೇಳುತ್ತಿರಬಹುದು, ಮಾತಾಡಿ ಎಂದಿದ್ದರು. ಅಮ್ಮ ಕಿವಿಯ ಹತ್ತಿರ ತೆಂಗಿನ ಮರಗಳ ಸುದ್ದಿ, ದನ ಕರು ಹಾಕಿದ ಸುದ್ದಿ ಹೇಳುತ್ತಿದ್ದರು. ತುಳಸಿ ನೀರನ್ನು ನಾವು ಹನಿಯಾಗಿ ತುಟಿಗಷ್ಟೇ ಮುಟ್ಟಿಸಿದೆವು. ಕೈಗಳು ಎರಡೂ ಬಿಡುವಾಗಿದ್ದವು. ಒಂದನ್ನು ಅಣ್ಣ ಹಿಡಿದಿದ್ದ, ಒಂದನ್ನು ನಾನು.

ಮನೆಯಲ್ಲಿ ಸಾವಾದರೆ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆದು 21 ದಿನದೊಳಗೆ ನೋಂದಾಯಿಸಬೇಕು. ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ. ನಮ್ಮ ಡಾಕ್ಟರು ಆ ಮಳೆಯಲ್ಲೇ ಬಂದು ಬರೆದುಕೊಟ್ಟರು. ಸೌದೆ ಒಣಗಿಸಿಟ್ಟಿದ್ದನ್ನು ಊರವರೇ ತಂದರು. ಕ್ರಿಯೆ ಎಲ್ಲ ಮಾಮೂಲಿಯಂತೆ. ಅದು ಮುಗಿದ ವಾರ ಉಳಿದ ಮಾರ್ಫಿನ್ ಮಾತ್ರೆಗಳನ್ನು ಆಸ್ಪತ್ರೆಗೆ ಹಿಂದಿರುಗಿಸಲು ಹೋದೆ. ಪುಸ್ತಕದ ಉಳಿಕೆಯೂ ಸ್ಟ್ರಿಪ್ಪಿನಲ್ಲಿ ಉಳಿದಿದ್ದ ಮಾತ್ರೆಯೂ ತಾಳೆಯಾದವು. ಹದಿಮೂರಕ್ಕೆ ಬಂದಿದ್ದ ಚಿಕ್ಕಪ್ಪ ಅಣ್ಣನನ್ನಾಗಲಿ ನನ್ನನ್ನಾಗಲಿ ‘ಇನ್ನೂ ನೋಡಬೇಕಿತ್ತು’ ಎನ್ನಲಿಲ್ಲ. ಲಕೋಟೆ ಕೇಳಿ ಪಡೆದು, ಚಾವಡಿಯ ಬೆಳಕಿನಲ್ಲಿ ಅಷ್ಟೂ ಓದಿ, ಅಜ್ಜಯ್ಯನ ವಿಷಯ ತೆಗೆದು ಬಹಳ ಹೊತ್ತು ಅತ್ತರು.

ನನ್ನ ನಿರ್ದೇಶನವನ್ನು ನಾನು ಈಗ ಮಾಡಿಸಿದ್ದೇನೆ. ಮಗಳ ಹೆಸರು ಹಾಕುವ ಮೊದಲು ಅವಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಮೂರು ದಿನ ಯೋಚಿಸಿ ಒಪ್ಪಿದಳು. ಅಮ್ಮನಿಗೂ ಕೇಳಿದೆ. ‘ನಿನ್ ಅಪ್ಪಯ್ಯಂಗೆ ಬ್ಯಾಡ ಇದ್ದಿತ್ತ್. ನಂಗೆ ಕಡೆವರಿಗೂ ಮದ್ದ್ ಮಾಡ್ಕ್. ಆಸ್ಪತ್ರೆಗೆ ಹಾಕಿ, ಮಿಷನ್ ಹಾಕಿ, ನಿನ್ ಅಣ್ಣ ಬಂದ್ ಮುಖ ಕಾಂಬಲ್ಲಿವರಿಗೆ ತೆಗಿಬೇಡಿ’ ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅಪ್ಪಯ್ಯನ ಇಷ್ಟ ಅಪ್ಪಯ್ಯನದು, ಅಮ್ಮನ ಇಷ್ಟ ಅಮ್ಮನದು. ಅಣ್ಣನಿಗೂ ನಮ್ಮ ಡಾಕ್ಟರಿಗೂ ಅದನ್ನು ಹೇಳಿಯಾಗಿದೆ.